ಕಾಲು ಕಟ್ಟಿಸಿಕೊಂಡು ಕೂತು 16 ಕೆಜಿ ಇಳಿಸಿದ್ದು

ಈ ಸಲ ರಾಗಿ ಇಲ್ಲ, ತೆಂಗಿಲ್ಲ, ಕಪ್ಪುತಲೆ ಹುಳನೂ ಇಲ್ಲ. ನನ್ನ ಹೊಟ್ಟೆ ಬಗ್ಗೆ ಬರೀತಿದೀನಿ. ಬೇಡ ಅನ್ನೋರು ಇಲ್ಲೇ ಬಿಡಬಹುದು, ಬೇಜಾರಿಲ್ಲ.

ಹೋದ ವಾರ ಸಂತೇಲಿ ಮೂರು ಜನ ಸಿಕ್ಕಿದ್ರು. ಮೊದಲನೇರು ನನ್ನ ಮುಖ ನೋಡಿ ದನಿ ತಗ್ಗಿಸಿ "ಏನಣ್ಣ, ಶುಗರ್ ಬಂತಾ?" ಅಂದ್ರು. ಎರಡನೇರು "ಸಾಲಗೀಲ ಜಾಸ್ತಿ ಆಯ್ತಾ" ಅಂದ್ರು. ಮೂರನೇ ಹುಡುಗ, ನಮ್ಮ ಪಕ್ಕದೂರಿನವನೇ, "ಯಾವ ಪುಡಿ ತಗೊಂಡೆ ಅಣ್ಣ, ನಮ್ಮಪ್ಪಂಗೂ ಮಂಡಿ ನೋವು, ನಡೆಯಕ್ಕಾಗಲ್ಲ, ತೂಕ ಮಾತ್ರ ಏರ್ತಾನೇ ಐತೆ" ಅಂದ. ಮೊದಲ ಇಬ್ಬರಿಗೆ ನಕ್ಕು ಸುಮ್ಮನಾದೆ. ಮೂರನೆಯವನಿಗೆ ಸಂತೆ ಗಲಾಟೇಲಿ ನಿಂತು ಹೇಳಕ್ಕಾಗಲಿಲ್ಲ. ಅವನಿಗೆ ಅಂತಾನೇ ಇದು.

ನನ್ನ ಕಾಲಿನ ಕಥೆ ಹಳಬರಿಗೆ ಗೊತ್ತು. ಹೋದ ವರ್ಷ ಆಷಾಢದ ಜಿಟಿಜಿಟಿ ಮಳೇಲಿ ತೋಟದಿಂದ ಕಾಯಿ ಸಾಗಿಸ್ತಿದ್ವಿ. ಟ್ರೈಲರ್ ಮೇಲಿಂದ ಕೆಳಕ್ಕೆ ಧುಮುಕಿದೆ, ಎಡಗಾಲು ಒದ್ದೆ ಗರಿ ಮೇಲೆ ಬಿತ್ತು. ಜಾರಿದ್ದು ಒಂದು ಗೇಣು ಇರಬಹುದು. ಮಂಡಿ ಕೆಳಗಿನ ದೊಡ್ಡ ಮೂಳೆಯ ತಲೆಭಾಗ, ಮಂಡಿ ಕೀಲಿಗೆ ಸೇರೋ ಜಾಗದಲ್ಲೇ ಸೀಳಿತ್ತು. ಪ್ಲೇಟು, ಸ್ಕ್ರೂ ಹಾಕಿದ್ರು. 12 ವಾರ ಆ ಕಾಲು ನೆಲಕ್ಕೆ ಊರೋ ಹಾಗಿಲ್ಲ ಅಂದ್ರು.

ಬಿದ್ದಾಗ ನನ್ನ ತೂಕ 84 ಕೆಜಿ. ಎತ್ತರ ಐದಡಿ ಆರಂಗುಲ. ಅಂದ್ರೆ ಆಗಲೇ ಹೆಚ್ಚು. ಆದ್ರೆ ಗೇಯೋ ಮನುಷ್ಯ ಅಲ್ವಾ, ಯಾರೂ ಅದನ್ನ ದಪ್ಪ ಅನ್ನಲಿಲ್ಲ, ಗಟ್ಟಿ ಆಳು ಅಂದ್ರು. ನಾನೂ ಹಂಗೇ ಅಂದ್ಕೊಂಡಿದ್ದೆ.

ಮಂಚ ಹಿಡಿದ ಮೇಲೆ ನೋಡೋಕೆ ಬರೋ ಜನ ಶುರುವಾದ್ರು. ನಮ್ಮ ಕಡೆ ಕಾಲು ಮುರಿದೋನ ಮನೆಗೆ ಬರಿಗೈಲಿ ಯಾರೂ ಬರಲ್ಲ. ಬ್ರೆಡ್ಡು, ಬಿಸ್ಕತ್ತು, ಬಾಳೆಹಣ್ಣು, ಒಬ್ಬರು ಒಂದು ಡಬ್ಬ ಮೈಸೂರುಪಾಕನ್ನೇ ತಂದ್ರು. ಬಂದೋರಿಗೆ ಟೀ ಮಾಡ್ಬೇಕು, ಅವರ ಜೊತೆ ನನಗೂ ಒಂದು ಲೋಟ. ದಿನಕ್ಕೆ ಐದಾರು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ. ಲೆಕ್ಕ ಹಾಕಿದ್ರೆ ಸಕ್ಕರೇನೇ 50–60 ಗ್ರಾಂ. ಆಗ ಲೆಕ್ಕ ಯಾರು ಹಾಕ್ತಾರೆ.

ಅದಕ್ಕಿಂತ ದೊಡ್ಡ ಕಳ್ಳ ಬೇರೆ ಇದ್ದ. ಆಗಲೇ ನಮ್ಮನೇಲಿ ಅಟ್ಟದ ಕೊಬ್ಬರಿ ಇಳಿಸಿ ಒಡೀತಿದ್ರು. ಹೆಣ್ಣಾಳುಗಳು ಜಗಲೀಲಿ ಕೂತು ಕೆಲಸ ಮಾಡೋರು, ನಾನು ಕಾಲು ಚಾಚಿಕೊಂಡು ಪಕ್ಕದಲ್ಲಿ ಕೂತು ಮೇಸ್ತ್ರಿಕೆ. ಉಂಡೆ ಒಳ್ಳೇದು ಚೀಲಕ್ಕೆ, ಒಡೆದು ಹೋಗಿದ್ದು ಮೊರಕ್ಕೆ. ಮೊರ ನನ್ನ ಕೈಗೆಟಕೋ ಹಂಗೇ ಇರೋದು. ಒಂದು ಚೂರು ಕೊಬ್ಬರಿ, ಒಂದು ಚೂರು ಬೆಲ್ಲ. ಹೊತ್ತು ಹೋಗ್ಬೇಕಲ್ಲ. ಕೊಬ್ಬರಿ ಬೆಳೆಯೋ ನಮಗೆ ಅದು ತಿಂಡಿ ಅಂತಾನೇ ಅನ್ಸಲ್ಲ, ಕೈ ತಾನಾಗೇ ಹೋಗುತ್ತೆ. ಎಣ್ಣೆ ತುಂಬಿರೋ ಪದಾರ್ಥ ಅಂತ ಮಾರುವಾಗ ಹೆಮ್ಮೆಯಿಂದ ಹೇಳ್ತೀವಿ, ತಿನ್ನುವಾಗ ಮರೀತೀವಿ. 100 ಗ್ರಾಂ ಒಣ ಕೊಬ್ಬರೀಲಿ 600ರ ಮೇಲೆ ಕ್ಯಾಲರಿ ಇದೆ. 50 ಗ್ರಾಂ ಕೊಬ್ಬರಿ, 30 ಗ್ರಾಂ ಬೆಲ್ಲ ಅಂದ್ರೆ ಒಂದು ದೊಡ್ಡ ಮುದ್ದೆಗೆ ಸಮ. ಹೊಟ್ಟೆ ಮಾತ್ರ ತುಂಬಲ್ಲ, ಊಟಕ್ಕೆ ಕರೆದಾಗ ಮತ್ತೆ ಎರಡು ಮುದ್ದೆ.

ಏಳನೇ ವಾರ ಒಂದು ರಾತ್ರಿ ಬಚ್ಚಲಲ್ಲಿ ಬಿದ್ದೆ. ಊರುಗೋಲು ಜಾರಿತು, ಪುಣ್ಯಕ್ಕೆ ಆಪರೇಷನ್ ಆದ ಕಾಲು ಮೇಲಿತ್ತು, ಕುಂಡಿ ಕೆಳಗೆ. ಏಟೇನೂ ಆಗಲಿಲ್ಲ. ಆದ್ರೆ ಏಳಕ್ಕಾಗಲಿಲ್ಲ. ಮಗ ಬೆಂಗಳೂರಲ್ಲಿದ್ದ. ನನ್ನ ಹೆಂಡತಿ ಒಬ್ಬಳೇ ಕಂಕುಳಿಗೆ ಕೈ ಹಾಕಿ ಎತ್ತಕ್ಕೆ ನೋಡಿದಳು, ಆಗಲಿಲ್ಲ. ಇನ್ನೊಂದು ಸಲ ಉಸಿರು ಬಿಗಿ ಹಿಡಿದು ಎತ್ತಿದಳು, "ಅಮ್ಮಾ" ಅಂತ ಅಲ್ಲೇ ಕೂತುಬಿಟ್ಟಳು. ಸೊಂಟ ಹಿಡ್ಕೊಂಡಿತ್ತು. ನಮ್ಮವ್ವ ಕತ್ತಲಲ್ಲಿ ಹೋಗಿ ಪಕ್ಕದ ಮನೆ ಮಾವನ್ನೂ ಅವರ ಮಗನ್ನೂ ಕರ್ಕೊಂಡು ಬಂದ್ಲು. ಅವರು ಬರೋವರೆಗೆ ನಾವಿಬ್ಬರೂ ಗಂಡ ಹೆಂಡ್ತಿ ಒದ್ದೆ ಕಲ್ಲ ಮೇಲೆ ಎದುರು ಬದುರು ಕೂತಿದ್ವಿ. ಅವಳು ಏನೂ ಅನ್ನಲಿಲ್ಲ. ಬೆಳಿಗ್ಗೆ ಐದಕ್ಕೆ ಎದ್ದು ಬಗ್ಗಿ ನಿಂತೇ ಮೂರು ಹಸು ಹಾಲು ಕರೆದಳು, ಡೈರಿಗೆ ಹಾಕಿ ಬಂದಳು. ನನ್ನ ಪಾಲಿನ ಕೆಲಸವನ್ನೂ ಅವಳೇ ಮಾಡ್ತಿದ್ದ ಎರಡು ತಿಂಗಳು ಅದು.

ಡಾಕ್ಟರು ಎರಡು ಸಲ ತೂಕದ ಬಗ್ಗೆ ಹೇಳಿದ್ರು, ಕಿವಿಗೆ ಹೋಗಿರಲಿಲ್ಲ. ಆ ಬೆಳಿಗ್ಗೆ ಅವಳು ಗೋಡೆ ಹಿಡ್ಕೊಂಡು ಕ್ಯಾನು ಎತ್ತಿದ್ದು ನೋಡಿ ಹೋಯ್ತು.

ಮೊದಲು ತೂಕ ಎಷ್ಟು ಅಂತ ತಿಳೀಬೇಕಲ್ಲ. ಒಂದೇ ಕಾಲಲ್ಲಿ ಮನೆ ತೂಕದ ಯಂತ್ರದ ಮೇಲೆ ನಿಲ್ಲಕ್ಕಾಗಲ್ಲ, ನಿಲ್ಲೋದೂ ಬೇಡ, ಬೀಳ್ತೀರಿ. ನಾನು ಚೀಲ ತೂಗೋ ಪ್ಲಾಟ್‌ಫಾರಂ ಯಂತ್ರದ ಮೇಲೆ ಸ್ಟೂಲು ಇಡಿಸಿ ಅದರ ಮೇಲೆ ಕೂತೆ. ಆಮೇಲೆ ಸ್ಟೂಲಿನ ತೂಕ ಕಳೆದ್ವಿ. 94 ಬಂತು. "ಅಣ್ಣ, ಎರಡು ಚೀಲ ರಾಗಿಗೆ ಆರೇ ಕೆಜಿ ಕಮ್ಮಿ" ಅಂದ ಅಲ್ಲಿದ್ದ ಹುಡುಗ. ಏಳೆಂಟು ವಾರದಲ್ಲಿ ಹತ್ತು ಕೆಜಿ ಏರಿದ್ದೆ.

ಇಲ್ಲಿ ನಾನು ಮಾಡಿದ ದಡ್ಡತನ ಬರೀಬೇಕು, ಯಾಕಂದ್ರೆ ನಮ್ಮಲ್ಲಿ ಎಲ್ಲರೂ ಮಾಡೋದು ಇದನ್ನೇ. ಕೋಪ ಬಂತು, ರಾತ್ರಿ ಊಟ ಪೂರ್ತಿ ಬಿಟ್ಟೆ. ಬೆಳಿಗ್ಗೆ ಮೆಂತ್ಯದ ನೀರು. ಒಬ್ಬರು ಪರಿಚಯದವರು ಮನೆಗೇ ಬಂದು ಒಂದು ಡಬ್ಬ ಪುಡಿ ಕೊಟ್ಟು ಹೋದ್ರು, ನೀರಿಗೆ ಕಲಸಿ ಊಟದ ಬದಲು ಕುಡೀಬೇಕಂತೆ. ಅದರ ದುಡ್ಡಲ್ಲಿ ಒಂದು ಚೀಲ ಹಿಂಡಿ ಬರ್ತಿತ್ತು. ಮೂರು ವಾರಕ್ಕೆ 94 ಇದ್ದಿದ್ದು 89 ಆಯ್ತು. ನನಗೋ ಖುಷಿ. ಎಲ್ಲರಿಗೂ ಫೋನು ಮಾಡಿ ಹೇಳಿದೆ.

ಫಿಸಿಯೋ ಮೇಡಂ ಹತ್ರ ಹೋದಾಗ ಅವರು ತೂಕ ಕೇಳಲೇ ಇಲ್ಲ. ಟೇಪು ತಗೊಂಡು ಎರಡೂ ತೊಡೆ ಸುತ್ತ ಅಳೆದ್ರು. ಬಲಗಡೆ 52 ಸೆಂಟಿಮೀಟರ್, ಎಡಗಡೆ 45. ಹೊಟ್ಟೆ ಅಳೆದ್ರು, ಅದು ಹೆಚ್ಚು ಕಮ್ಮಿ ಇದ್ದಲ್ಲೇ ಇತ್ತು. "ಕರಗಿದ್ದು ಬೊಜ್ಜಲ್ಲ, ಮಾಂಸಖಂಡ. ನಾಳೆ ಈ ಮಂಡೀನ ಹಿಡಿದು ನಿಲ್ಲಿಸ್ಬೇಕಾಗಿರೋದೇ ಈ ತೊಡೆ. ಅದನ್ನೇ ತಿಂದು ಹಾಕಿದೀರಿ" ಅಂದ್ರು. ಸುಮ್ಮನೆ ಮಲಗಿದ್ರೂ ಕೆಲಸವಿಲ್ಲದ ಕಾಲು ಬಡಕಲಾಗುತ್ತೆ, ಅದರ ಮೇಲೆ ಉಪವಾಸ ಬೇರೆ. ಡಾಕ್ಟರು ಎಕ್ಸ್‌ರೇ ನೋಡಿ, ಮೂಳೆ ನಿರೀಕ್ಷಿಸಿದಷ್ಟು ಕೂಡಿಲ್ಲ, ಇನ್ನೂ ಮೂರು ವಾರ ಕಾಲು ಊರಬೇಡ ಅಂದ್ರು. ಉಪವಾಸದಿಂದಾನೇ ಹಂಗಾಯ್ತು ಅಂತ ಅವರು ಹೇಳಲಿಲ್ಲ. ಆದ್ರೆ "ಮೂಳೆ ಕೂಡೋ ಹೊತ್ತಲ್ಲಿ ಯಾರಾದ್ರೂ ಉಪವಾಸ ಮಾಡ್ತಾರೇನ್ರೀ" ಅಂತ ಬೈದ್ರು. ಮೂರು ವಾರ ಅಂದ್ರೆ ಹೆಂಡತಿಗೆ ಇನ್ನೂ ಮೂರು ವಾರ ಎರಡಾಳಿನ ಕೆಲಸ. ಪುಡಿ ಡಬ್ಬ ಅವತ್ತೇ ತಿಪ್ಪೆಗೆ ಹೋಯ್ತು.

ಆ ಆಸ್ಪತ್ರೇಲಿ ಆಹಾರದ ಸಲಹೆ ಕೊಡೋ ಒಬ್ಬ ಹುಡುಗಿ ಇದ್ದಳು, ನನ್ನ ಮಗಳ ವಯಸ್ಸು. ಒಂದು ಹಾಳೆ ಕೊಟ್ಟಳು. ಅದರಲ್ಲಿ ಓಟ್ಸು, ಬ್ರೌನ್ ಬ್ರೆಡ್ಡು, ಇನ್ನೇನೇನೋ. ನಾನಂದೆ, "ಮಗಳೇ, ಇದು ನಮ್ಮನೇಲಿ ನಡೆಯಲ್ಲ, ನಾವು ಮುದ್ದೆ ಉಣ್ಣೋರು." ಅವಳು ಬೇಜಾರು ಮಾಡ್ಕೊಳ್ಳದೆ ಹಾಳೆ ತಿರುಗಿಸಿ ಹಿಂದೆ ಎರಡು ಅಂಕಿ ಬರೆದಳು. ನಮ್ಮ ದೇಶದ ಪೌಷ್ಟಿಕಾಂಶ ಸಂಸ್ಥೆಯವರ 2020ರ ಲೆಕ್ಕ. 65 ಕೆಜಿ ಗಂಡಸು ಭಾರಿ ಮೈಗೆಲಸ ಮಾಡಿದ್ರೆ ದಿನಕ್ಕೆ 3470 ಕ್ಯಾಲರಿ ಬೇಕು. ಅದೇ ಮನುಷ್ಯ ಕೂತೇ ಇದ್ರೆ 2110. "ನಿಮ್ಮನೇ ಮುದ್ದೆ ತೂಕ ಎಷ್ಟು ಅಂಕಲ್?" ಅಂತ ಕೇಳಿದಳು.

ಗೊತ್ತಿರಲಿಲ್ಲ. ಕೊಬ್ಬರಿ ಗ್ರಾಂ ಲೆಕ್ಕದಲ್ಲಿ ಮಾರ್ತೀವಿ, ಹಾಲಿನ ಫ್ಯಾಟು ಪಾಯಿಂಟು ಲೆಕ್ಕದಲ್ಲಿ ನೋಡ್ತೀವಿ, ಹೊಟ್ಟೆಗೆ ಹೋಗೋ ಮುದ್ದೆ ತೂಕ ಗೊತ್ತಿಲ್ಲ. ಮನೆಗೆ ಬಂದು ತರಕಾರಿ ಬೀಜ ತೂಗಕ್ಕೆ ತಂದಿದ್ದ ಚಿಕ್ಕ ತಕ್ಕಡೀಲಿ ಇಟ್ಟೆ. 400 ಗ್ರಾಂ! ನೀರು ಬಿಟ್ಟು ಹಿಟ್ಟಿನ ಲೆಕ್ಕಕ್ಕೆ ಸುಮಾರು 130 ಗ್ರಾಂ, ಅಂದ್ರೆ 420 ಕ್ಯಾಲರಿ ಹತ್ರ. ಮೇಲಿನ ಎರಡು ಅಂಕಿ ಕಳೆದು ನೋಡಿ, 1360 ವ್ಯತ್ಯಾಸ. ಮೂರು ಮುದ್ದೆ. ನಾನು ಗೇಯೋದು ಬಿಟ್ಟಿದ್ದೆ, ಗೇಯೋನ ಮೂರು ಮುದ್ದೆ ಬಿಟ್ಟಿರಲಿಲ್ಲ, ಮೇಲೆ ಕೊಬ್ಬರಿ ಬೆಲ್ಲ.

ಇದನ್ನ ನಾವು ಹಸುಗೆ ಮಾಡ್ತೀವಾ ಹೇಳಿ? ಮೈ ಉಳಿಸಿಕೊಳ್ಳಕ್ಕೆ ಒಂದೂವರೆ ಎರಡು ಕೆಜಿ ಫೀಡು, ಅದರ ಮೇಲೆ ಎರಡೂವರೆ ಲೀಟರ್ ಹಾಲಿಗೆ ಒಂದು ಕೆಜಿ. ಹಾಲು ಇಳೀತಾ ಬಂದಂಗೆ ಹಿಂಡಿ ಇಳಿಸ್ತೀವಿ. ಬತ್ತಿದ ಮೇಲೆ ಕರೆಯುವಾಗಿನ ಹಿಂಡೀನೇ ಹಾಕಿದ್ರೆ ಕೊಬ್ಬಿ ಕರು ಹಾಕುವಾಗ ಕಷ್ಟಪಡುತ್ತೆ, ಕರು ಹಾಕಿದ ಮೇಲೆ ಮೇವು ಬಿಡುತ್ತೆ, ಇದು ನಮ್ಮೂರ ಹತ್ತು ವರ್ಷದ ಹುಡುಗನಿಗೂ ಗೊತ್ತು. (ಕೊನೇ ತಿಂಗಳು ಮತ್ತೆ ಏರಿಸ್ತೀವಿ, ಅದು ಬೇರೆ. ಯಾರಾದ್ರೂ ಅದನ್ನ ಹಿಡ್ಕೊಂಡು ಜಗಳಕ್ಕೆ ಬರಬೇಡಿ.) ಹಾಗಂತ ಬತ್ತಿದ ಹಸೂನ ಉಪವಾಸ ಕೆಡವಲ್ಲ. ಹಸಿ ಮೇವು ಹೊಟ್ಟೆ ತುಂಬ, ಹಿಂಡಿ ಅಳತೇಲಿ. ನಾನು ಮೊದಲ ಎಂಟು ವಾರ ಬತ್ತಿದ ಹಸುಗೆ ಕರೆಯೋ ಹಸುವಿನ ಹಿಂಡಿ ಹಾಕಿದೆ, ಆಮೇಲೆ ಮೂರು ವಾರ ಹುಲ್ಲೂ ಹಾಕದೆ ಕಟ್ಟಿಹಾಕಿದೆ.

ಇನ್ನೊಂದು ಮಾತು, ಕಾಲು ನೆಟ್ಟಗಿರೋರಿಗೂ ಸೇರಿ. ಮುದ್ದೆ ತಿಂದ್ರೆ ಮೈ ಬರಲ್ಲ ಅಂತ ನಾವೆಲ್ಲ ನಂಬಿದೀವಿ. ರಾಗಿಗೂ ಅಕ್ಕಿಗೂ ಕ್ಯಾಲರೀಲಿ ದೊಡ್ಡ ವ್ಯತ್ಯಾಸ ಇಲ್ಲ, 100 ಗ್ರಾಂ ರಾಗೀಲಿ 320, ಅಕ್ಕೀಲಿ 350ರ ಆಸುಪಾಸು. ರಾಗೀಲಿ ನಾರು ಹೆಚ್ಚು, ಸುಣ್ಣದ ಅಂಶ ತುಂಬ ಹೆಚ್ಚು, ಮೂಳೆಗೆ ಒಳ್ಳೇದು, ಅದಕ್ಕೇ ನಾನು ರಾಗಿ ಬಿಡಲಿಲ್ಲ. ಆದ್ರೆ ನಮ್ಮಜ್ಜ ನಾಲ್ಕು ಮುದ್ದೆ ಉಂಡು ಮಡಕೆ ಹೊಡೆದ, ಏತ ಎಳೆದ, ಸಂತೆಗೆ ನಡೆದ. ನಾವು ಟಿಲ್ಲರ್ ಮೇಲೆ ಕೂತು ಉಳ್ತೀವಿ, ರಾಗಿ ಮೆಷಿನ್ನಲ್ಲಿ ಕೊಯ್ಸ್ತೀವಿ, ಕಳೆಗೆ ಬ್ರಷ್ ಕಟರ್, ತೋಟ ಅರ್ಧ ಕಿಲೋಮೀಟರ್ ಇದ್ರೂ ಬೈಕು. ಮುದ್ದೆ ಮಾತ್ರ ಅಜ್ಜನ ಅಳತೇದೇ.

ಇನ್ನು ನಾನು ಮಾಡಿದ್ದೇನು ಅಂದ್ರೆ, ಮುದ್ದೆ ಅರ್ಧ ಮಾಡಿದೆ. 400 ಗ್ರಾಂದು 200 ಆಯ್ತು, ಮಧ್ಯಾಹ್ನ ಒಂದು, ರಾತ್ರಿ ಒಂದು. ಖಾಲಿ ಬಿದ್ದ ಜಾಗಕ್ಕೆ ಸೊಪ್ಪು ಮತ್ತು ಕಾಳು. ನಮ್ಮ ಕಡೆ ಸೊಪ್ಪಿಗೆ ಬರ ಇಲ್ಲ, ಹೊಲದ ಬದೂಲೇ ಸಿಗುತ್ತೆ, ಒಂದು ತಟ್ಟೆ ಪಲ್ಯ ಮೊದಲು ತಿಂದು ಆಮೇಲೆ ಮುದ್ದೆಗೆ ಕೈ ಹಾಕ್ತಿದ್ದೆ. ಕಾಳಿನ ವಿಷಯದಲ್ಲಿ ಒಂದು ತಪ್ಪು ನಡೀತಾ ಬಂದಿದೆ. ಹುರುಳಿ ಬೇಯಿಸ್ತೀವಿ, ಕಟ್ಟು ಬಸಿದು ಸಾರು ಮಾಡಿ ನಾವು ಉಣ್ತೀವಿ, ಕಾಳು ಬಹುಪಾಲು ದನಕ್ಕೆ. 100 ಗ್ರಾಂ ಹುರುಳೀಲಿ 20 ಗ್ರಾಂ ಮೇಲೆ ಪ್ರೋಟೀನು ಇದೆ, ರಾಗೀಲಿ ಏಳು. ಅದು ಹೋಗ್ತಿದ್ದಿದ್ದು ಹಸುವಿನ ಹೊಟ್ಟೆಗೆ. ಈಗ ಆ ಕಾಳೇ ಒಗ್ಗರಣೆ ಹಾಕಿ ಉಸಲಿ. ಬೆಳಿಗ್ಗೆ ಎರಡು ಬೇಯಿಸಿದ ಮೊಟ್ಟೆ, ಒಂದು ಬಟ್ಟಲು ಮೊಳಕೆ ಹೆಸರುಕಾಳು. ವಾರಕ್ಕೊಂದು ಸಲ ಕೆರೆ ಮೀನು, ಹುರಿದಿದ್ದಲ್ಲ, ಸಾರು. ಎಣ್ಣೆ ಒಂದು ದೊಡ್ಡ ಚಮಚಕ್ಕೆ 120 ಕ್ಯಾಲರಿ ಅಂತ ಗೊತ್ತಾದ ಮೇಲೆ ಒಗ್ಗರಣೆ ಸೌಟು ಬದಲಾಯ್ತು. ಟೀ ದಿನಕ್ಕೆ ಎರಡು ಲೋಟ, ಸಕ್ಕರೆ ಅರ್ಧ ಚಮಚ. ಜನ ಬಂದಾಗ ನನಗೆ ಮಜ್ಜಿಗೆ. ಕೊಬ್ಬರಿ ಮೊರ ಹತ್ತಡಿ ದೂರ ಇಡಿಸಿದೆ. ಊರುಗೋಲು ಹಿಡಿದು ಎದ್ದು ಹೋಗೋ ಸೋಮಾರಿತನಾನೇ ನನ್ನ ಕಾಪಾಡಿತು.

ಹಸಿವು ಆಗ್ತಿರಲಿಲ್ವಾ ಅಂದ್ರೆ, ಆಗ್ತಿತ್ತು. ಮೊದಲ ಹತ್ತು ದಿನ ಕಷ್ಟ. ಆಮೇಲೆ ಗೊತ್ತಾಗಿದ್ದು, ಸಂಜೆ ಐದು ಗಂಟೆಗೆ ಆಗೋದು ಹಸಿವೇ ಅಲ್ಲ, ಬೇಜಾರು. ಎಲ್ಲರೂ ತೋಟಕ್ಕೆ ಹೋಗಿರ್ತಾರೆ, ರಸ್ತೆ ನೋಡ್ತಾ ಕೂತಿರ್ತೀನಿ, ಕೈ ಏನನ್ನೋ ಹುಡುಕುತ್ತೆ. ಈ ಪೇಜು ಶುರುವಾಗಿದ್ದೇ ಆ ಹೊತ್ತಲ್ಲಿ. ಬಾಯಿಗೆ ಹೋಗ್ತಿದ್ದ ಕೈ ಫೋನಿಗೆ ಹೋಯ್ತು. ಅದರಿಂದ ನಿಮಗೆ ತೊಂದ್ರೆ ಆಗಿದ್ರೆ ಕ್ಷಮಿಸಿ.

ವ್ಯಾಯಾಮ ಅಂತ ಏನು ಮಾಡಿದೆ ಅಂತ ಆ ಹುಡುಗ ಖಂಡಿತ ಕೇಳ್ತಾನೆ. ಮೊದಲೇ ಹೇಳ್ತೀನಿ, ವ್ಯಾಯಾಮದಿಂದ ನನ್ನ ತೂಕ ಇಳೀಲಿಲ್ಲ. ಕೂತು ಅರ್ಧ ಗಂಟೆ ಕೈಕಸರತ್ತು ಮಾಡಿದ್ರೆ ಒಂದು ಹಿಡಿ ಕಡ್ಲೆಕಾಯಿ ಬೀಜವೂ ಕರಗಲ್ಲ. ಕಸರತ್ತು ಇದ್ದಿದ್ದು ಮಾಂಸಖಂಡ ಉಳಿಸ್ಕೊಳ್ಳಕ್ಕೆ, ಇಳಿಯೋ ತೂಕ ಬೊಜ್ಜಿಂದ ಹೋಗಲಿ ಅನ್ನೋದಕ್ಕೆ. ಮಂಡಿ ಕೆಳಗೆ ಟವೆಲ್ ಸುರುಳಿ ಇಟ್ಟು ಅದನ್ನ ಒತ್ತಿ ಹಿಡಿಯೋದು, ತೊಡೆ ಬಿಗಿಯಾಗ್ಬೇಕು, ಹತ್ತು ಎಣಿಸಿ ಬಿಡೋದು. ಪಾದ ಮೇಲೆ ಕೆಳಗೆ ಆಡಿಸೋದು. ಮೇಡಂ ಒಪ್ಪಿದ ಮೇಲೆ ಕಾಲು ನೆಟ್ಟಗಿಟ್ಟು ಎತ್ತೋದು. ಕೈಗೆ ಮಾತ್ರ ನನ್ನದೇ ಉಪಾಯ. ಹಳೇ ಸೈಕಲ್ ಟ್ಯೂಬು ಕತ್ತರಿಸಿ ಜಗಲಿ ಕಂಬಕ್ಕೆ ಕಟ್ಟಿ ಎಳೆಯೋದು, ಲೀಟರ್ ಬಾಟ್ಲಿಗೆ ಮರಳು ತುಂಬಿ ಎತ್ತೋದು. ದಾರೀಲಿ ಹೋಗೋರು ನಕ್ಕರು. ಮೇಡಂ ನೋಡಿ, ಅಂಗಡೀಲಿ ಸಾವಿರ ರೂಪಾಯಿ ಕೊಟ್ಟು ತರೋ ರಬ್ಬರು ಮಾಡೋ ಕೆಲಸಾನೇ ಇದೂ ಮಾಡುತ್ತೆ ಅಂದ್ರು. ನಿಮಗೆ ಯಾವ ಕಸರತ್ತು ಅಂತ ನಿಮ್ಮ ಡಾಕ್ಟರೋ ಫಿಸಿಯೋನೋ ಹೇಳ್ಬೇಕು, ನನ್ನದನ್ನ ನೋಡಿ ಮಾಡಬೇಡಿ. ಎಲ್ಲರ ಮುರಿತ ಒಂದೇ ಥರ ಇರಲ್ಲ.

ನೀರಲ್ಲಿ ನಡೆದ್ರೆ ಮಂಡಿಗೆ ಭಾರ ಕಮ್ಮಿ ಬೀಳುತ್ತೆ ಅಂತ ಯಾರೋ ಹೇಳಿದ್ರು. ಅದು ನಿಜವೇ. ಒಂದು ದಿನ ನಮ್ಮ ಕೃಷಿ ಹೊಂಡ ಕಣ್ಣಿಗೆ ಬಿತ್ತು, ಇಳಿದುಬಿಡೋಣ ಅನ್ನಿಸ್ತು. ಬೇಡ. ಪ್ಲಾಸ್ಟಿಕ್ ಹಾಸಿದ ಹೊಂಡದ ದಡ ಎಷ್ಟು ಜಾರುತ್ತೆ ಅಂತ ನಮಗೆಲ್ಲ ಗೊತ್ತು. ಎರಡು ಕಾಲು ಗಟ್ಟಿ ಇರೋರೇ ಹತ್ತಿ ಬರಕ್ಕಾಗದೆ ಹೋಗಿದಾರೆ.

ಶುಗರ್ ಮಾತ್ರೆ, ಇನ್ಸುಲಿನ್ ತಗೊಳ್ಳೋರು ಒಂದು ಗಮನದಲ್ಲಿಟ್ಕೊಳಿ. ಊಟ ಅರ್ಧ ಮಾಡೋ ಮುಂಚೆ ಡಾಕ್ಟರಿಗೆ ಹೇಳಿ. ಮಾತ್ರೆ ಅಷ್ಟೇ ಇದ್ದು ಊಟ ಕಮ್ಮಿ ಆದ್ರೆ ಶುಗರ್ ಕೆಳಗೆ ಬಿದ್ದು ತಲೆ ತಿರುಗುತ್ತೆ, ಊರುಗೋಲು ಹಿಡಿದೋನು ತಲೆ ತಿರುಗಿ ಬಿದ್ರೆ ಮತ್ತೆ ಮೊದಲಿಂದ.

ತೂಕ ನಿಧಾನಕ್ಕೆ ಇಳೀತು. ಭಾನುವಾರ ಭಾನುವಾರ ಅದೇ ಚೀಲದ ಯಂತ್ರ. ಒಂದು ವಾರ ಅರ್ಧ ಕೆಜಿ, ಒಂದು ವಾರ 300 ಗ್ರಾಂ, ಒಂದೊಂದು ವಾರ ಏನೂ ಇಲ್ಲ. ಅದರ ಜೊತೆ ಹೊಟ್ಟೆ ಸುತ್ತಳತೆ. ಹಸುವಿನ ಎದೆ ಸುತ್ತ ಅಳೆದು ತೂಕ ಅಂದಾಜು ಮಾಡೋ ಟೇಪು ಇತ್ತಲ್ಲ, ಅದರಲ್ಲೇ. ನಮ್ಮ ದೇಶದ ಗಂಡಸಿಗೆ 90 ಸೆಂಟಿಮೀಟರ್, ಹೆಂಗಸಿಗೆ 80 ದಾಟಬಾರದು ಅಂತಾರೆ. ನನ್ನದು 108 ಇತ್ತು. ತೂಕ ನಿಂತ ವಾರಗಳಲ್ಲೂ ಟೇಪು ಸ್ವಲ್ಪ ಸ್ವಲ್ಪ ಒಳಗೆ ಬರ್ತಿತ್ತು, ಅದು ಧೈರ್ಯ ಕೊಡ್ತು.

ಆದ್ರೆ ಸಂಕ್ರಾಂತಿ ಆದಮೇಲೆ ಪೂರ್ತಿ ಐದು ವಾರ ಎರಡೂ ಅಲ್ಲಾಡಲಿಲ್ಲ. ಊಟ ಅಷ್ಟೇ, ಟೀ ಅಷ್ಟೇ. ಅಷ್ಟೊತ್ತಿಗೆ ವಾಕರ್ ಹಿಡಿದು ನಡೀತಿದ್ದೆ ಬೇರೆ. ತಲೆ ಕೆಟ್ಟೋಯ್ತು. ಒಂದು ಮಧ್ಯಾಹ್ನ ನೀರು ಕುಡಿಯಕ್ಕೆ ಅಂತ ಸದ್ದಿಲ್ಲದೆ ಅಡುಗೆಮನೆ ಬಾಗಿಲಿಗೆ ಹೋದೆ. ನಮ್ಮವ್ವ ನನ್ನ ಚಿಕ್ಕ ಮುದ್ದೆ ಕಟ್ತಿದ್ದಳು. ಕಟ್ಟುವಾಗ ಮಧ್ಯದಲ್ಲಿ ಗುಳಿ ಮಾಡಿ ನಿಂಬೆಹಣ್ಣಿನಷ್ಟು ಬೆಣ್ಣೆ ಇಟ್ಟು ಮುಚ್ಚಿದಳು. ಮೇಲೆ ನೋಡಿದ್ರೆ ಗೊತ್ತೇ ಆಗಲ್ಲ. ಮುದ್ದೆ ಈಚೆಗೆ ಬಹಳ ನುಣುಪಾಗಿ ಇಳೀತಿದೆ ಅಂತ ಹಿಟ್ಟನ್ನ ಹೊಗಳ್ತಿದ್ದೆ ನಾನು.

"ಅವ್ವಾ, ಏನವ್ವಾ ಇದು?"

ಸಿಕ್ಕಿಬಿದ್ದೆ ಅಂತ ಅವಳಿಗೇನೂ ಅನ್ನಿಸಲಿಲ್ಲ. "ಮೂಳೆ ಕೂಡ್ಬೇಕಲ್ಲೋ ಮಗ. ಬೆಣ್ಣೆ ಇಲ್ದೆ ಕೀಲು ಹೆಂಗ್ಲಾ ಆಡ್ತದೆ. ನೋಡು ಮುಖ ಹೆಂಗಾಗೈತೆ, ಕೆನ್ನೆ ಒಳಿಕ್ಕೋಗೈತೆ."

"ಅವ್ವಾ, ನಮ್ಮ ಕೆಂದಹಸ ಬತ್ತಿದಾಗ ಹಿಂಡಿ ನಿಲ್ಸು ಅಂದೋಳು ನೀನೇ ಅಲ್ವಾ?"

"ಹಸ ಬೇರೆ, ಮಗ ಬೇರೆ ಕಣ್ಲಾ."

ಅದಕ್ಕೆ ನನ್ನತ್ರ ಉತ್ತರ ಇರಲಿಲ್ಲ. ಅಪ್ಪ ತೀರಿಕೊಂಡ ವರ್ಷ ಮನೇಲಿ ಒಂದು ಮುದ್ದೆ ಹಿಟ್ಟಲ್ಲಿ ಮೂರು ಮಕ್ಕಳಿಗೆ ಅಂಬಲಿ ಮಾಡಿ ಕೊಟ್ಟೋಳು ಅವಳು. ಮಗನ ತಟ್ಟೇಲಿ ಅರ್ಧ ಮುದ್ದೆ ನೋಡೋದು ಅವಳಿಗೆ ಆ ವರ್ಷ ಮತ್ತೆ ಬಂದಂಗೆ. ನಾನು ಮುದ್ದೆ ಅರ್ಧ ಮಾಡು ಅಂದಾಗ ಹೆಂಡತಿ ಕೇಳಿದಳು, ಲೆಕ್ಕ ಅವಳಿಗೆ ಅರ್ಥ ಆಯ್ತು. ಅವ್ವನಿಗೆ ನಾನು ಏನೂ ಹೇಳೇ ಇರಲಿಲ್ಲ. ಅಡುಗೆ ಮನೇಲಿ ಅರ್ಧ ಕೈ ಅವಳದ್ದು ಅನ್ನೋದು ಮರೆತು ಲೆಕ್ಕ ಹಾಕ್ತಾ ಕೂತಿದ್ದೆ.

ಮುಂದಿನ ಸಲ ಆಸ್ಪತ್ರೆಗೆ ಅವ್ವನ್ನೂ ಕರ್ಕೊಂಡು ಹೋದೆ. ಮೇಡಂ ಅವಳಿಗೆ ಕ್ಯಾಲರಿ ಗೀಲರಿ ಹೇಳಲಿಲ್ಲ. "ಅಜ್ಜಿ, ಒಂದು ಕೆಜಿ ಮೈ ಇಳಿದ್ರೆ ನಡೆಯುವಾಗ ಮಂಡಿ ಮೇಲೆ ಹೆಜ್ಜೆ ಹೆಜ್ಜೆಗೂ ನಾಲ್ಕು ಕೆಜಿ ಭಾರ ಇಳಿಯುತ್ತೆ" ಅಂದ್ರು. ಅವ್ವ ಬೆರಳು ಮಡಿಸಿ ಏನೋ ಎಣಿಸಿದಳು. ದಾರೀಲಿ ಬಸ್ಸಲ್ಲಿ ಕೇಳಿದಳು, "ಹಂಗಾರೆ ನೀನು ಇಷ್ಟು ದಿನ ಒಂದು ಚೀಲ ಹೊತ್ಕಂಡು ತಿರುಗ್ತಿದ್ಯೇನ್ಲಾ?" ಅವತ್ತಿಂದ ಬೆಣ್ಣೆ ನಿಂತಿತು. ಬದಲಿಗೆ ಸೊಪ್ಪು ಹುಡುಕೋ ಕೆಲಸ ಅವಳೇ ವಹಿಸಿಕೊಂಡಳು. ಅಣ್ಣೆ, ಕನ್ನೆ, ಗೋಣಿ, ಹೊನಗನ್ನೆ, ದಿನಕ್ಕೊಂದು. ನನ್ನ ತಟ್ಟೆ ತುಂಬಿರ್ಬೇಕು ಅನ್ನೋದು ಅವಳ ಹಠ, ಯಾವುದರಿಂದ ತುಂಬಿದ್ರೂ ಸರಿ.

ಹೋದ ಭಾನುವಾರ 78 ಬಂತು. ಹೊಟ್ಟೆ 95. ಇನ್ನೂ ಏಳೆಂಟು ಕೆಜಿ ಇಳೀಬೇಕು. ಎಡತೊಡೆ 49ಕ್ಕೆ ಬಂದಿದೆ, ಬಲಗಡೆ ಸಮ ಆಗಕ್ಕೆ ಇನ್ನೂ ಟೈಮು ಬೇಕು. ಎಲ್ಲಾ ಸರಿಹೋಯ್ತು ಅಂತ ಅಂದ್ಕೋಬೇಡಿ. ಕುಕ್ಕುರುಗಾಲಲ್ಲಿ ಕೂರಕ್ಕಾಗಲ್ಲ, ಅಂದ್ರೆ ಹಾಲು ಕರೆಯಕ್ಕೆ ಸ್ಟೂಲು ಬೇಕು. ಅಟ್ಟ ಹತ್ತೋದು ಬೇಡ ಅಂದಿದಾರೆ. ಮೋಡ ಮುಚ್ಚಿದ ದಿನ ಪ್ಲೇಟು ಇರೋ ಜಾಗ ಸಣ್ಣಗೆ ನೋಯುತ್ತೆ.

ಕೆಲಸ ಶುರುವಾದಂಗೆ ಹಸಿವೂ ಜಾಸ್ತಿ ಆಗಿದೆ. ಹೋದ ವಾರ ತೋಟದಲ್ಲಿ ಅರ್ಧ ದಿನ ಪಾತಿ ಮಾಡಿಸಿದೆ, ನಾನೂ ಸ್ವಲ್ಪ ಗುದ್ದಲಿ ಹಿಡಿದೆ, ಮಧ್ಯಾಹ್ನ ಕಣ್ಣು ಕತ್ತಲೆ ಬರೋಷ್ಟು ಹಸಿವು. ಅವತ್ತು ಇನ್ನೊಂದು ಚಿಕ್ಕ ಮುದ್ದೆ ಹಾಕಿಸಿಕೊಂಡೆ. ಮಾರನೇ ದಿನ ಕೂತಿದ್ದೆ, ಮತ್ತೆ ಒಂದೇ. ಅವ್ವ ಈಗ ಬಡಿಸೋ ಮುಂಚೆ ಕೇಳ್ತಾಳೆ, "ಇವತ್ತು ಗೇಯ್ದ್ಯೋ, ಕೂತಿದ್ಯೋ?"

ಹೆಂಡತಿ ಸೊಂಟಕ್ಕೆ ಬೆಲ್ಟು ಹಾಕ್ಕೊಂಡು ಓಡಾಡ್ತಿದಾಳೆ. ಸಂಜೆ ಹಾಲು ಈಗ ನನ್ನ ಪಾಲಿಗೆ ಬಂದಿದೆ, ಬೆಳಿಗ್ಗೆಯದು ಇನ್ನೂ ಅವಳೇ. ಯುಗಾದಿ ಹೊತ್ತಿಗೆ ಅದನ್ನೂ ತಗೋತೀನಿ ಅಂತ ಹೇಳಿದ್ದೆ, ಯುಗಾದಿ ಹೋಯ್ತು.

ಆ ಪಕ್ಕದೂರ ಹುಡುಗ ಇದನ್ನ ಓದಿದ್ರೆ ನಿಮ್ಮಪ್ಪನ್ನ ಕರ್ಕೊಂಡು ಒಂದು ಭಾನುವಾರ ಬಾ. ಚೀಲದ ಯಂತ್ರ ಇದೆ, ಸ್ಟೂಲೂ ಇದೆ. ಬರುವಾಗ ನಿಮ್ಮನೇ ಮುದ್ದೆ ಒಂದು ಡಬ್ಬಕ್ಕೆ ಹಾಕ್ಕೊಂಡು ಬಾ, ಮೊದಲು ಅದನ್ನ ತೂಗೋಣ.